ಗುರಿಗಾರನ ಹಗುರ ಗುಂಡು

ಇಪ್ಪತ್ತೈದು ಮೀಟರುಗಳ ದೂರದಲ್ಲಿ ಒಂದು ಕಾಗದದ ಹಾಳೆಯನ್ನು ತೂಗುಹಾಕಿದೆ. ಅದರ ನಡುವೆ 50 ಮಿಲ್ಲಿಮೀಟರು ವ್ಯಾಸದ ಒಂದು ವೃತ್ತ. ದಪ್ಪ ನಿಂಬೆಹಣ್ಣಿನ ಅಗಲಕ್ಕಿಂತ ಹೆಚ್ಚಿಲ್ಲ. ಅದರೊಳಗೆ ಬಿದ್ದ ಗುಂಡಿಗೆ ಪೂರ್ಣ ಹತ್ತು ಅಂಕಗಳು. ಗುರಿಗಾರನು ಒಂದೇ ಕೈಯಲ್ಲಿ ಆಯುಧವನ್ನು ಹಿಡಿದು, ತೋಳನ್ನು ನೀಡಿ, ಯಾವ ಆಸರೆಯೂ ಇಲ್ಲದೆ ನಿಂತು ಈ ವೃತ್ತವನ್ನು ಭೇದಿಸಬೇಕು. ವೃತ್ತದ ನಡುವಿನಿಂದ ಅಂಚಿಗೆ 25 ಮಿಲ್ಲಿಮೀಟರು. ದೂರವು 25 ಮೀಟರು. ಎಂದರೆ, ಸಾವಿರಕ್ಕೆ ಒಂದು ಪಾಲಿಗಿಂತ ಹೆಚ್ಚು ನಳಿಗೆಯು ಓರೆಯಾದರೆ ಹತ್ತು ಅಂಕ ತಪ್ಪಿತು. ರಿವಾಲ್ವರಿನ ಮುಂತುದಿಯಲ್ಲಿರುವ ಗೂಟಕ್ಕೂ ಹಿಂದಿನ ಕಚ್ಚಿಗೂ ನಡುವೆ 200 ಮಿಲ್ಲಿಮೀಟರು ಅಂತರವಿದೆಯೆಂದು ಎಣಿಸಿದರೆ, ಗೂಟವು ಕಚ್ಚಿನ ನಡುವಿನಿಂದ ಒಂದು ಮಿಲ್ಲಿಮೀಟರಿನ ಐದನೆಯ ಒಂದು ಪಾಲು ಸರಿದರೂ ಸಾಕು, ಗುಂಡು ಆ ವೃತ್ತದ ಅಂಚಿಗೆ ಹೋಗಿಬಿಡುತ್ತದೆ. ಇದು ಎರಡು ಬರೆಯುವ ಹಾಳೆಗಳ ದಪ್ಪ!

ಈ ಬಗೆಯ ಸ್ಪರ್ಧೆ ನಮ್ಮ ದೇಶಕ್ಕೆ ಅಪರಿಚಿತವೇನಲ್ಲ. 1994ರಲ್ಲಿ ಹಿರೋಶಿಮಾದಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಅವರು 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಯ ಚಿನ್ನವನ್ನು ಗೆದ್ದರು. 2006ರಲ್ಲಿ ದೋಹಾದಲ್ಲಿ ಮತ್ತೆ ಅದೇ ಸ್ಪರ್ಧೆಯಲ್ಲಿ 600ಕ್ಕೆ 590 ಅಂಕಗಳನ್ನು ಪಡೆದು ಅಂದಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅರುವತ್ತು ಗುಂಡುಗಳಲ್ಲಿ ಅವರು ಕಳೆದುಕೊಂಡುದು ಒಟ್ಟು ಹತ್ತೇ ಅಂಕಗಳು. ಈ ಸ್ಪರ್ಧೆಯ ನಿಯಮದಂತೆ ಪಿಸ್ತೂಲನ್ನಾಗಲಿ ರಿವಾಲ್ವರನ್ನಾಗಲಿ ಬಳಸಬಹುದು. ನಳಿಗೆಯ ಒಳವ್ಯಾಸವು 7.62ರಿಂದ 9.65 ಮಿಲ್ಲಿಮೀಟರಿನ ಒಳಗಿರಬೇಕು.

ನಾವು ಇಲ್ಲಿ ವಿಚಾರಿಸಹೊರಟಿರುವುದು ರಿವಾಲ್ವರಿನ ಗುಂಡನ್ನು, ಅದರಲ್ಲಿಯೂ ಅಮೆರಿಕದ ಗುರಿಗಾರರು ತಾವೇ ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು ಮಾಡಿಕೊಳ್ಳುವ ಎರಕದ ಗುಂಡನ್ನು. ಆ ದೇಶದಲ್ಲಿ ಇದೊಂದು ಹಳೆಯ ಹವ್ಯಾಸ. ನಮ್ಮಲ್ಲಿ ಹಾಗಿಲ್ಲ, ಪರವಾನಗಿಯಿಲ್ಲದೆ ತೋಟಾಗಳನ್ನು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ಆದರೂ, ಅಂಗೈಯಲ್ಲಿ ಹಿಡಿಸುವ ಒಂದು ಸೀಸದ ತುಂಡಿನಲ್ಲಿ ಭೌತವಿಜ್ಞಾನದ ಎಷ್ಟು ನಿಯಮಗಳು ಒಟ್ಟುಗೂಡಿವೆಯೆಂಬುದನ್ನು ತಿಳಿಯಲು ಯಾವ ಪರವಾನಗಿಯೂ ಬೇಡ.

ಉದಾಹರಣೆಗೆ .38 ಸ್ಪೆಷಲ್ ಎಂಬ ತೋಟಾವನ್ನು ತೆಗೆದುಕೊಳ್ಳೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಮಿತ್ ಅಂಡ್ ವೆಸ್ಸನ್ ಸಂಸ್ಥೆಯು ಇದನ್ನು ಬಳಕೆಗೆ ತಂದಿತು. ಹೆಸರು .38 ಆದರೂ ಗುಂಡಿನ ವ್ಯಾಸ 0.38 ಅಂಗುಲವಲ್ಲ, 0.358 ಅಂಗುಲ ಮಾತ್ರ. ಹಿತ್ತಾಳೆಯ ಕೋಶದ ಅಗಲವೇ ಹೆಸರಿಗೆ ಅಂಟಿಕೊಂಡು ಬಂದಿದೆ. ಇದರ ಗುಂಡಿನ ತೂಕವನ್ನು ಗ್ರೈನುಗಳಲ್ಲಿ ಹೇಳುವುದು ವಾಡಿಕೆ. ಹಿಂದೆ ನಮ್ಮ ಅಕ್ಕಸಾಲಿಗರು ಬಳಸುತ್ತಿದ್ದ ತೊಲವು ಸರಿಯಾಗಿ 180 ಗ್ರೈನು. ಈ ತೋಟಾದ ಮಾಮೂಲು ಗುಂಡು 158 ಗ್ರೈನು, ಎಂದರೆ 10.2 ಗ್ರಾಂ, ತೊಲಕ್ಕೆ ತುಸು ಕಡಮೆ. ಗುರಿಯ ಪಂದ್ಯಗಳಿಗೆಂದು ಬಹುಕಾಲದಿಂದ ಬಳಕೆಯಲ್ಲಿರುವುದು 148 ಗ್ರೈನಿನದು. ಹಗುರ ಗುಂಡುಗಳೆಂದರೆ 125, 110, 105 ಗ್ರೈನುಗಳವು. ಕೊನೆಯದು ತೂಗುವುದು 6.8 ಗ್ರಾಂ ಮಾತ್ರ.

ಇಷ್ಟು ಹಗುರ ಮಾಡುವುದೇಕೆ? ಸೀಸ ಉಳಿಯುತ್ತದೆಂಬುದು ಒಂದು ಉತ್ತರ. ಆದರೆ ಮುಖ್ಯವಾದ ಉತ್ತರ ಒದೆತದಲ್ಲಿದೆ.

ಗುಂಡು ಮುಂದಕ್ಕೆ ಹೋದಂತೆ ಆಯುಧವು ಹಿಂದಕ್ಕೆ ಒದೆಯುವುದು ಎಲ್ಲರೂ ಬಲ್ಲ ಸಂಗತಿ. ಗುಂಡಿನ ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಸಂವೇಗ ಎಷ್ಟೋ, ಅಷ್ಟೇ ಸಂವೇಗ ಹಿಮ್ಮುಖವಾಗಿ ಆಯುಧಕ್ಕೂ ದೊರಕುತ್ತದೆ. 158 ಗ್ರೈನಿನ ಗುಂಡು ಸೆಕೆಂಡಿಗೆ 230 ಮೀಟರು ವೇಗದಲ್ಲಿ ಹೊರಟರೆ, 1.1 ಕಿಲೋಗ್ರಾಂ ತೂಕದ ರಿವಾಲ್ವರು ಸೆಕೆಂಡಿಗೆ ಸುಮಾರು 2.1 ಮೀಟರು ವೇಗದಲ್ಲಿ ಹಿಂದಕ್ಕೆ ಚಿಮ್ಮುತ್ತದೆ. (ಗುಂಡಿನ ಬೆನ್ನಿಗೇ ಹೊರನುಗ್ಗುವ ಅನಿಲವೂ ಸ್ವಲ್ಪ ಒದೆತವನ್ನು ಸೇರಿಸುತ್ತದೆ, ಲೆಕ್ಕ ಸುಲಭವಾಗಲೆಂದು ಅದನ್ನು ಬಿಟ್ಟಿದ್ದೇನೆ.) ಅದೇ ವೇಗದಲ್ಲಿ 105 ಗ್ರೈನಿನ ಗುಂಡನ್ನು ಕಳಿಸಿದರೆ ಒದೆತದ ವೇಗ 1.4 ಮೀಟರಿಗೆ ಇಳಿಯುತ್ತದೆ. ಆದರೆ ಕೈ ತಡೆದು ನಿಲ್ಲಿಸಬೇಕಾದ ಚಲನಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಅದು 2.5 ಜೂಲಿನಿಂದ 1.1 ಜೂಲಿಗೆ ಬೀಳುತ್ತದೆ. ಗುಂಡಿನ ತೂಕದಲ್ಲಿ ಮೂರನೆಯ ಒಂದು ಪಾಲನ್ನು ಕಳೆದರೆ, ಒದೆತದ ಶಕ್ತಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಕಳೆದುಹೋಯಿತು.

ಈ ಲಾಭಕ್ಕೆ ಒಂದು ಷರತ್ತಿದೆ. ಹಗುರ ಗುಂಡನ್ನು ಹಗುರವೆಂಬ ಕಾರಣದಿಂದಲೇ ಹೆಚ್ಚು ವೇಗವಾಗಿ ಓಡಿಸುವ ಆಸೆ ಹುಟ್ಟುತ್ತದೆ. ಸೆಕೆಂಡಿಗೆ 346 ಮೀಟರಿಗೆ ಏರಿಸಿದರೆ 105 ಗ್ರೈನಿನ ಗುಂಡೂ 158 ಗ್ರೈನಿನದರಷ್ಟೇ ಸಂವೇಗವನ್ನು ಪಡೆಯುತ್ತದೆ; ಸಾಲದುದಕ್ಕೆ ಶಬ್ದದ ವೇಗವನ್ನು ಮುಟ್ಟಿ ಗಾಳಿಯಲ್ಲಿ ಹೊಸ ಕಲಕನ್ನೂ ಎಬ್ಬಿಸುತ್ತದೆ. ಕಾಗದವನ್ನು ತೂತು ಮಾಡಲು ಇಷ್ಟೆಲ್ಲ ವೇಗ ಏತಕ್ಕೆ? ಕಾಗದವು ಓಡಿಹೋಗುವ ಮೃಗವಲ್ಲ.

ಒದೆತವು ಗುಂಡು ಹೊರಟ ಮೇಲೆ ತಾನೆ ಕೈಗೆ ತಾಕುವುದು, ಅದರಿಂದ ಗುರಿ ಕೆಡುವುದು ಹೇಗೆ ಎಂದು ವಾಚಕರು ಕೇಳಬಹುದು. ಕೆಡಿಸುವುದು ಬರಲಿರುವ ಒದೆತದ ನಿರೀಕ್ಷೆ. ಟ್ರಿಗರನ್ನು ಎಳೆಯುವ ಬೆರಳಿಗಿಂತ ಮೊದಲೇ ಮಣಿಕಟ್ಟು ಒದೆತವನ್ನು ಎದುರಿಸಲು ಸಿದ್ಧವಾಗಿ ಬಿಗಿಯುತ್ತದೆ, ಕಣ್ಣು ಮಿಟುಕುತ್ತದೆ, ನಳಿಗೆಯ ಮೂತಿ ಕೆಳಕ್ಕೆ ಜಗ್ಗುತ್ತದೆ. ಮೇಲೆ ಹೇಳಿದ ಎರಡು ಹಾಳೆಗಳ ದಪ್ಪವನ್ನು ನೆನೆಸಿಕೊಂಡರೆ ಇದರ ಅನರ್ಥ ಅರಿವಾಗುವುದು. ಹೊಸಬನಿಗೆ ಒಮ್ಮೆ ಈ ಅಭ್ಯಾಸ ಹತ್ತಿತೆಂದರೆ ಬಿಡಿಸುವುದಕ್ಕೆ ತಿಂಗಳುಗಳೇ ಬೇಕು. ಆದ್ದರಿಂದ ಹಗುರ ಗುಂಡಿನ ಮೊದಲ ಉಪಕಾರವು ಗುರಿಗಾರನ ಮನಸ್ಸಿಗೆ; ಎರಡನೆಯದು, ಮೂರು ಸೆಕೆಂಡುಗಳೊಳಗೆ ತೋಳೆತ್ತಿ ಹೊಡೆಯಬೇಕಾದ ಶೀಘ್ರ ಸುತ್ತುಗಳಲ್ಲಿ ದಣಿಯುವ ಅವನ ಕೈಗೆ.

ಇನ್ನು ಆಕಾರದ ಮಾತು. ಗುಂಡುಮೂತಿಯ ಸೀಸವು ಕಾಗದವನ್ನು ಸೀಳಿಕೊಂಡು ಹೋಗುತ್ತದೆ; ಅದು ಬಿಡುವ ರಂಧ್ರ ತನ್ನ ವ್ಯಾಸಕ್ಕಿಂತ ಚಿಕ್ಕದು, ಅಂಚು ಹರಕು. ವೃತ್ತದ ಗೆರೆಯನ್ನು ಮುಟ್ಟಿದ ಗುಂಡಿಗೆ ಒಳವೃತ್ತದ ಅಂಕವೇ ಸಲ್ಲುವುದರಿಂದ, ಹರಕು ಅಂಚಿನಲ್ಲಿ ಒಂದು ಅಂಕವೇ ಕಳೆದುಹೋಗಬಹುದು. ಇದಕ್ಕಾಗಿಯೇ ಗುರಿಗಾರರು ಮೂತಿಯೇ ಇಲ್ಲದ, ಬಳಪದ ತುಂಡಿನಂತೆ ಮುಂಭಾಗ ಚಪ್ಪಟೆಯಾಗಿರುವ ಗುಂಡನ್ನು ಮಾಡಿಕೊಂಡರು. ಇದಕ್ಕೆ ವ್ಯಾಡ್‌ಕಟರ್ ಎಂದು ಹೆಸರು. ಇದು ಕಂಪಾಸಿನಿಂದ ಬರೆದಂತೆ ದುಂಡಗಿನ ತೂತನ್ನು ಕಾಗದದಲ್ಲಿ ಕತ್ತರಿಸುತ್ತದೆ. ಚಪ್ಪಟೆ ಮೂತಿಯಿಂದ ಗಾಳಿಯ ತಡೆ ಹೆಚ್ಚುವುದು ನಿಜ. ಆದರೆ 25 ಮೀಟರಿನಲ್ಲಿ ಅದನ್ನು ಯಾರೂ ಲೆಕ್ಕಿಸುವುದಿಲ್ಲ.

ಚಪ್ಪಟೆ ಆಕಾರಕ್ಕೆ ಮತ್ತೊಂದು ಗುಣವಿದೆ. ಹಗುರ ಗುಂಡಿನ ವಿಷಯದಲ್ಲಿ ಅದೇ ದೊಡ್ಡದೆಂದು ನನ್ನ ಅಭಿಪ್ರಾಯ. ರಿವಾಲ್ವರಿನಲ್ಲಿ ಗುಂಡು ಹುಟ್ಟುವ ಸ್ಥಳ ಒಂದು, ಓಡುವ ನಳಿಗೆ ಇನ್ನೊಂದು. ತಿರುಗುವ ಸಿಲಿಂಡರಿನ ಗೂಡಿನಿಂದ ಹೊರಟ ಗುಂಡು, ಸಿಲಿಂಡರಿಗೂ ನಳಿಗೆಗೂ ನಡುವಣ ಸಂದನ್ನು ಹಾರಿ, ನಳಿಗೆಯ ಬುಡದಲ್ಲಿರುವ ಲಾಳಿಕೆಯಂಥ ಬಾಯಿಗೆ ನುಗ್ಗಿ, ಆಮೇಲೆ ಸುರುಳಿ ತೋಡುಗಳನ್ನು ಕಚ್ಚಬೇಕು. ಈ ಹಾರಾಟದಲ್ಲಿ ಗುಂಡು ಓರೆಯಾಗದಂತೆ ನೋಡಿಕೊಳ್ಳುವುದು ಅದರ ಪಕ್ಕಗಳ ಉದ್ದ. ಪೂರ್ಣ ವ್ಯಾಸದ ಸೀಸದ ಉರುಳೆಯೆಂದು ಎಣಿಸಿದರೆ 148 ಗ್ರೈನಿನ ಗುಂಡಿನ ಉದ್ದ 13 ಮಿಲ್ಲಿಮೀಟರು; 105 ಗ್ರೈನಿನದು ಕೇವಲ 9 ಮಿಲ್ಲಿಮೀಟರು, ತನ್ನ ಅಗಲದಷ್ಟೇ ಉದ್ದ. ಇಷ್ಟು ಗಿಡ್ಡದಾದ ವಸ್ತು ಓರೆಯಾಗುವುದು ಸುಲಭ. ಉದ್ದವಾದ ಬಿರಟೆಯು ಬಾಟಲಿಯ ಬಾಯಲ್ಲಿ ನೆಟ್ಟಗೆ ನಿಲ್ಲುತ್ತದೆ, ಗಿಡ್ಡ ಬಿರಟೆ ವಾಲುತ್ತದೆಯಲ್ಲವೆ? ಇರುವ ಸ್ವಲ್ಪ ಸೀಸವನ್ನು ಮೊನಚಾದ ಮೂತಿಗೆ ವ್ಯಯ ಮಾಡಿದರೆ ನಳಿಗೆಯನ್ನು ಹಿಡಿಯುವ ಪಕ್ಕ ಇನ್ನೂ ಕಿರಿದಾಗುತ್ತದೆ. ಹಗುರ ಗುಂಡನ್ನೇ ಆರಿಸುವುದಾದರೆ ಅದು ಚಪ್ಪಟೆ ಮೂತಿಯದಾಗಿರಲಿ, ಇಲ್ಲವೇ ಭುಜವುಳ್ಳ ಮೊಂಡುಮೂತಿಯದಾಗಿರಲಿ.

ತಿರುಗುವಿಕೆಯ ವಿಷಯದಲ್ಲಿ ಗಿಡ್ಡ ಗುಂಡಿಗೆ ಚಿಂತೆಯಿಲ್ಲ. ಗಾಳಿಯಲ್ಲಿ ನೆಟ್ಟಗೆ ಸಾಗಲು ಗುಂಡು ಬುಗುರಿಯಂತೆ ತಿರುಗುತ್ತಿರಬೇಕು. ಅದಕ್ಕೆ ಎಷ್ಟು ಸುರುಳಿ ಬೇಕೆಂಬುದನ್ನು ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಒಂದು ಸರಳ ಸೂತ್ರದಲ್ಲಿ ಹೇಳಿದನು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ, ಎಷ್ಟು ದೂರದಲ್ಲಿ ಒಂದು ಸುತ್ತು ಮುಗಿಯಬೇಕೆಂಬುದು ದೊರಕುತ್ತದೆ. 13 ಮಿಲ್ಲಿಮೀಟರು ಉದ್ದದ ಗುಂಡಿಗೆ 95 ಸೆಂಟಿಮೀಟರಿಗೊಂದು ಸುತ್ತು ಸಾಕು. 9 ಮಿಲ್ಲಿಮೀಟರಿನದಕ್ಕೆ ಮೀಟರಿಗಿಂತ ಹೆಚ್ಚು ದೂರಕ್ಕೊಂದಾದರೂ ಆಯಿತು. ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರುಗಳ ಸುರುಳಿಯು 18¾ ಅಂಗುಲಕ್ಕೆ, ಎಂದರೆ 47.6 ಸೆಂಟಿಮೀಟರಿಗೆ ಒಂದು ಸುತ್ತು. ಬೇಕಾದುದಕ್ಕಿಂತ ಬಹಳ ಹೆಚ್ಚೇ ಆಯಿತು.

ಆದರೆ ಈ ಹೆಚ್ಚಿನ ತಿರುಗುವಿಕೆ ಎರಕದ ದೋಷಗಳನ್ನು ಕ್ಷಮಿಸುವುದಿಲ್ಲ. ಸೆಕೆಂಡಿಗೆ 230 ಮೀಟರು ಸಾಗುವ ಗುಂಡು ಅಷ್ಟರಲ್ಲಿ 480ಕ್ಕೂ ಹೆಚ್ಚು ಸುತ್ತುಗಳನ್ನು ತಿರುಗುತ್ತದೆ. ಎರಕದೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡು, ಗುಂಡಿನ ಗುರುತ್ವಕೇಂದ್ರವು ನಡುವಿನಿಂದ ಒಂದು ಮಿಲ್ಲಿಮೀಟರಿನ ಇಪ್ಪತ್ತನೆಯ ಒಂದು ಪಾಲು ಸರಿದಿದೆಯೆಂದು ಭಾವಿಸೋಣ. ನಳಿಗೆಯಲ್ಲಿ ಇರುವತನಕ ಆ ಕೇಂದ್ರವು ನಡುಗೆರೆಯ ಸುತ್ತ ಸುತ್ತುತ್ತಿರುತ್ತದೆ. ಹೊರಬಿದ್ದ ಕ್ಷಣವೇ, ಕವಣೆಯಿಂದ ಬಿಟ್ಟ ಕಲ್ಲಿನಂತೆ, ಸೆಕೆಂಡಿಗೆ 15 ಸೆಂಟಿಮೀಟರು ವೇಗದಲ್ಲಿ ಪಕ್ಕಕ್ಕೆ ಸರಿಯುತ್ತದೆ. 25 ಮೀಟರು ಸಾಗಲು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಗುಂಡು 16 ಮಿಲ್ಲಿಮೀಟರು ಪಕ್ಕಕ್ಕೆ ಹೋಗಿರುತ್ತದೆ. ಹತ್ತರ ವೃತ್ತದ ತ್ರಿಜ್ಯ 25 ಮಿಲ್ಲಿಮೀಟರೆಂಬುದನ್ನು ಮರೆಯಬಾರದು. ಕಣ್ಣಿಗೆ ಕಾಣದ ಒಂದು ಗುಳ್ಳೆ ಅದರ ಅರ್ಧಕ್ಕಿಂತ ಹೆಚ್ಚನ್ನು ನುಂಗಿತು! ಅಷ್ಟೇ ಗಾತ್ರದ ಗುಳ್ಳೆಯು ದೊಡ್ಡ ಗುಂಡಿಗಿಂತ ಚಿಕ್ಕ ಗುಂಡಿನ ಸಮತೋಲವನ್ನು ಹೆಚ್ಚು ಕೆಡಿಸುತ್ತದೆ. ಆದುದರಿಂದ ಜಾಣರು ಎರಕದ ಗುಂಡುಗಳನ್ನು ಒಂದೊಂದಾಗಿ ತೂಗಿ, ತೂಕ ಕಡಮೆ ಬಂದುವನ್ನು ಮರಳಿ ಬಾಣಲೆಗೆ ಹಾಕುತ್ತಾರೆ.

ಎರಕದ ಲೋಹವೂ ವಿಚಾರಣೆಗೆ ಅರ್ಹವಾದುದು. ಅಪ್ಪಟ ಸೀಸವು 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಉಗುರಿನಿಂದ ಗೀರಬಹುದಾದಷ್ಟು ಮೆತ್ತಗಿರುತ್ತದೆ. ಬ್ರಿನೆಲ್ ಮಾನದಲ್ಲಿ ಅದರ ಕಾಠಿನ್ಯ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸಿದರೆ ಕಾಠಿನ್ಯ 10ರ ಹತ್ತಿರ ಬರುತ್ತದೆ. ಜೊತೆಗೆ ಕರಗಿದ ಲೋಹವು ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತದೆ. ಹೆಚ್ಚಿನ ಗಡಸು ಬೇಕಾದರೆ ಆಂಟಿಮನಿ ಬೇಕು. 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಕೂಡಿದರೆ ಕಾಠಿನ್ಯ 22ಕ್ಕೆ ಏರುತ್ತದೆ. ಇದು ಬೇರೆ ಯಾವುದೂ ಅಲ್ಲ, ಲೈನೋಟೈಪ್ ಯಂತ್ರಗಳು ಅಚ್ಚಿನ ಸಾಲುಗಳನ್ನು ಎರಕ ಹೊಯ್ಯುತ್ತಿದ್ದ ಲೋಹ. ಮುದ್ರಣಾಲಯಗಳಿಂದ ಅಚ್ಚಿನ ಮೊಳೆಗಳು ಮಾಯವಾದಂತೆ ಅಮೆರಿಕದ ಎರಕಗಾರರಿಗೂ ಒಂದು ಸುಲಭದ ಗಣಿ ಬತ್ತಿಹೋಯಿತು.

ಒಂದು ವಿಶೇಷವನ್ನು ಗಮನಿಸಬೇಕು. ತವರವೂ ಆಂಟಿಮನಿಯೂ ಸೀಸಕ್ಕಿಂತ ಬಹಳ ಹಗುರ. ಸೀಸದ ಸಾಂದ್ರತೆ 11.3 ಆದರೆ ತವರದ್ದು 7.3, ಆಂಟಿಮನಿಯದು 6.7. ಹೀಗಾಗಿ ಒಂದೇ ಅಚ್ಚಿನಲ್ಲಿ ಲೈನೋಟೈಪ್ ಲೋಹವನ್ನು ಹೊಯ್ದರೆ ಗುಂಡು ಅಪ್ಪಟ ಸೀಸದ ಗುಂಡಿಗಿಂತ ನೂರಕ್ಕೆ ಎಂಟೊಂಬತ್ತು ಪಾಲು ಹಗುರವಾಗುತ್ತದೆ. ಹಾಗಾದರೆ ಗಡಸು ಲೋಹದಿಂದಲೇ ಹಗುರ ಗುಂಡನ್ನು ಮಾಡಬಾರದೇಕೆ? ಮಾಡಬಾರದು. ಮದ್ದಿನ ಒತ್ತಡಕ್ಕೆ ಗುಂಡಿನ ಬುಡವು ಸ್ವಲ್ಪ ಉಬ್ಬಿ ನಳಿಗೆಯನ್ನು ಬಿಗಿಯಾಗಿ ಮುಚ್ಚಬೇಕು. ಪಂದ್ಯದ ತೋಟಾದಲ್ಲಿ ಒತ್ತಡ ಕಡಮೆ. ಗುಂಡು ಹಗುರವಾದಷ್ಟೂ ಮದ್ದಿಗೆ ಎದುರು ನಿಲ್ಲುವ ಪ್ರತಿರೋಧ ಕಡಮೆಯಾಗಿ ಒತ್ತಡ ಇನ್ನೂ ಇಳಿಯುತ್ತದೆ. ಗಡಸಾದ ಗುಂಡು ಆ ಒತ್ತಡಕ್ಕೆ ಜಗ್ಗುವುದಿಲ್ಲ. ಆಗ ಕಾದ ಅನಿಲವು ಪಕ್ಕದಿಂದ ನುಸುಳಿ ಸೀಸದ ಅಂಚನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಐವತ್ತು ಗುಂಡುಗಳೊಳಗೆ ತೋಡುಗಳು ತುಂಬಿ ಗುರಿ ಚೆದರುತ್ತದೆ. ನಳಿಗೆಗೆ ಸೀಸ ಹತ್ತಿತೆಂದೊಡನೆ ಇನ್ನೂ ಗಡಸು ಲೋಹಕ್ಕೆ ಕೈಹಾಕುವವರು ಬಹುಮಂದಿ, ರೋಗವೊಂದು, ಮದ್ದೊಂದು. ನಿಧಾನದ ಹಗುರ ಗುಂಡಿಗೆ ಹತ್ತರ ಆಸುಪಾಸಿನ ಕಾಠಿನ್ಯವೇ ಸಾಕು. ಇದಕ್ಕಿಂತಲೂ ಮುಖ್ಯವಾದುದು ಅಳತೆ. ಗುಂಡಿನ ವ್ಯಾಸವು ಸಿಲಿಂಡರಿನ ಗೂಡುಗಳ ಮುಂಬಾಯಿಗೆ ಸರಿಹೊಂದಬೇಕು, ನಳಿಗೆಯ ತೋಡುಗಳ ಅಳತೆಗಿಂತ ಕೂದಲೆಳೆಯಷ್ಟಾದರೂ ಹೆಚ್ಚಿರಬೇಕು. ಮೆತ್ತನೆಯ ಸೀಸದ ತುಂಡನ್ನು ಬರಿದಾದ ನಳಿಗೆಯೊಳಗೆ ಕೋಲಿನಿಂದ ತಳ್ಳಿ, ಹೊರಬಂದುದನ್ನು ಮೈಕ್ರೋಮೀಟರಿನಿಂದ ಅಳೆದರೆ ಸಂದೇಹ ಪರಿಹಾರವಾಗುತ್ತದೆ.

ಇಲ್ಲಿ ಎರಡು ಅಪಾಯಗಳನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. .38ರ ಕೋಶವು ಮೊದಲು ಕಪ್ಪು ಮದ್ದಿನ ಕಾಲದ ಗಾತ್ರಕ್ಕೆ ರೂಪುಗೊಂಡುದು. ಈಗಿನ ಹೊಗೆಯಿಲ್ಲದ ಮದ್ದು ಅದರ ತಳದಲ್ಲಿ ಸ್ವಲ್ಪವೇ ಇರುತ್ತದೆ. ಗಿಡ್ಡ ಗುಂಡನ್ನು ಕೂರಿಸಿದಾಗ ಉಳಿಯುವ ಬರಿ ಜಾಗ ಇನ್ನೂ ಹೆಚ್ಚು. ಎರಡು ಸಲ ಮದ್ದು ಬಿದ್ದರೂ ಕೋಶ ತುಂಬಿ ಚೆಲ್ಲುವುದಿಲ್ಲ, ಕಣ್ಣು ಮೋಸಹೋಗುತ್ತದೆ. ಆ ತೋಟಾ ರಿವಾಲ್ವರನ್ನೇ ಒಡೆಯಬಲ್ಲುದು. ಇದಕ್ಕೆ ವಿರುದ್ಧವಾಗಿ ಮದ್ದು ತೀರ ಕಡಮೆಯಾದರೆ ಗುಂಡು ನಳಿಗೆಯ ನಡುವೆಯೇ ನಿಂತುಬಿಡುತ್ತದೆ. ಸದ್ದು ಮಂದವಾಗಿ ಕೇಳಿಸಿದರೂ ಗಮನಿಸದೆ ಮುಂದಿನದನ್ನು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಪ್ರಕಟವಾದ ಕೋಷ್ಟಕಗಳಲ್ಲಿರುವ ಕನಿಷ್ಠ ಅಳತೆಗಿಂತ ಕೆಳಗಿಳಿಯಬಾರದೆಂದು ಹೇಳುವುದು ಇದಕ್ಕಾಗಿಯೇ.

ಎರಡನೆಯದು ಸೀಸವೇ. ಸೀಸದ ವಿಷಯದಲ್ಲಿ ರಕ್ತದಲ್ಲಿ ಇಷ್ಟಿದ್ದರೆ ಬಾಧಕವಿಲ್ಲವೆಂಬ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಶತ್ರು. ಕರಗಿದ ಸೀಸದ ಮೇಲೆ ಕಟ್ಟುವ ಕಿಟ್ಟದ ಧೂಳು, ಕೈಗೆ ಅಂಟಿದ ಸೀಸ, ಮುಚ್ಚಿದ ಗುರಿಶಾಲೆಗಳಲ್ಲಿ ಕಿಡಿಗುಂಡಿಯ ಸೀಸದ ಸಂಯುಕ್ತದಿಂದ ಏಳುವ ಹೊಗೆ, ಇವು ಮೈಯೊಳಗೆ ಸೇರುವ ದಾರಿಗಳು. ಅಡಿಗೆಮನೆಯಲ್ಲಿ ಸೀಸ ಕರಗಿಸುವುದೂ, ಆ ಬಾಣಲೆಯನ್ನು ಮತ್ತೆ ಅಡಿಗೆಗೆ ಬಳಸುವುದೂ ಮಹಾಪರಾಧ. ಕಾದ ಸೀಸದೊಳಗೆ ಒಂದು ಹನಿ ನೀರು ಮುಳುಗಿದರೂ ಕ್ಷಣದಲ್ಲಿ ಆವಿಯಾಗಿ ಸಾವಿರ ಪಟ್ಟಿಗೂ ಮೀರಿ ಹಿಗ್ಗಿ ಲೋಹವನ್ನು ಮುಖಕ್ಕೆ ಎರಚುತ್ತದೆ.

ಹಗುರ ಗುಂಡನ್ನು ಮೊದಲ ಸಲ ಹೊಡೆದವನಿಗೆ ಒಂದು ಆಶ್ಚರ್ಯ ಕಾದಿರುತ್ತದೆ: ಗುಂಡುಗಳೆಲ್ಲ ಗುರಿಯ ಕೆಳಗೆ ಬೀಳುತ್ತವೆ! ಭಾರವಾದುದು ಬೇಗ ಕೆಳಗೆ ಬೀಳುತ್ತದೆಂದು ನಂಬಿದವನಿಗೆ ಇದು ಒಗಟಿನಂತೆ ತೋರುವುದು ಸಹಜ. ಆದರೆ ಬೀಳುವಿಕೆಗೂ ತೂಕಕ್ಕೂ ಸಂಬಂಧವಿಲ್ಲವೆಂದು ಗೆಲಿಲಿಯೋ ಎಂದೋ ತೋರಿಸಿದ್ದಾನೆ. 230 ಮೀಟರು ವೇಗದ ಎರಡು ಗುಂಡುಗಳೂ 25 ಮೀಟರಿನಲ್ಲಿ ಹೆಚ್ಚುಕಡಮೆ ಆರು ಸೆಂಟಿಮೀಟರು ಇಳಿಯುತ್ತವೆ. ಕಾರಣವಿರುವುದು ನಳಿಗೆಯೊಳಗೆ. ಒದೆತವು ಕೈಗೆ ತಿಳಿಯುವುದು ತಡವಾಗಿಯಾದರೂ ಅದು ಪ್ರಾರಂಭವಾಗುವುದು ಗುಂಡು ಚಲಿಸತೊಡಗಿದ ಕ್ಷಣದಲ್ಲಿಯೇ. ಆರಂಗುಲದ ನಳಿಗೆಯನ್ನು ದಾಟುವಷ್ಟರಲ್ಲಿ 158 ಗ್ರೈನಿನ ಗುಂಡು ರಿವಾಲ್ವರನ್ನು 1.4 ಮಿಲ್ಲಿಮೀಟರು ಹಿಂದಕ್ಕೆ ತಳ್ಳಿರುತ್ತದೆ, 105 ಗ್ರೈನಿನದು ಒಂದು ಮಿಲ್ಲಿಮೀಟರಿಗಿಂತ ತುಸು ಕಡಮೆ. ನಳಿಗೆಯು ಹಿಡಿಯ ಮೇಲ್ಗಡೆ ಇರುವುದರಿಂದ ಈ ತಳ್ಳುವಿಕೆಯು ಮೂತಿಯನ್ನು ಮೇಲಕ್ಕೂ ಎತ್ತುತ್ತದೆ. ತಯಾರಕರು ಈ ಏರಿಕೆಯನ್ನು ಮೊದಲೇ ಎಣಿಸಿ ಮುಂದಿನ ಗೂಟವನ್ನು ಎತ್ತರವಾಗಿ ಇಟ್ಟಿರುತ್ತಾರೆ. ಹಗುರ ಗುಂಡು ಅಷ್ಟು ಎತ್ತುವುದಿಲ್ಲ. ಆದ್ದರಿಂದ ಕೆಳಗೆ ತಾಕುತ್ತದೆ. ಹಿಂದಿನ ಕಚ್ಚನ್ನು ತಿರುಪಿನಿಂದ ಏರಿಸಬಹುದಾದ ಪಂದ್ಯದ ರಿವಾಲ್ವರಿನಲ್ಲಿ ಇದೊಂದು ತೊಡಕೇ ಅಲ್ಲ. ಕಚ್ಚು ಅಲುಗದಂತೆ ಕಡೆದ ಸಾಮಾನ್ಯ ರಿವಾಲ್ವರಿನಲ್ಲಿ ಮುಂದಿನ ಗೂಟವನ್ನು ಅರದಿಂದ ಉಜ್ಜಿ ತಗ್ಗಿಸಬೇಕಾಗುತ್ತದೆ, ಆಮೇಲೆ ಅದರಲ್ಲಿ ಭಾರದ ಗುಂಡನ್ನು ಹೊಡೆದರೆ ಅದು ಮೇಲಕ್ಕೆ ಹೋಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಅಮೆರಿಕದ ಪಂದ್ಯಗಳಲ್ಲಿರುವಂತೆ 50 ಗಜದ ದೂರಕ್ಕೂ ಹೊಡೆಯಬೇಕಾದರೆ ನಾನು 148 ಗ್ರೈನಿನ ಹಳೆಯ ಗುಂಡಿನ ಪಕ್ಷ. ಹಗುರವಾದುದು ಗಾಳಿಗೆ ಬೇಗ ಸೋಲುತ್ತದೆ. 25 ಮೀಟರಿಗೆ ಮಾತ್ರವಾದರೆ 125 ಗ್ರೈನಿನ ಸುತ್ತಮುತ್ತಲಿನ ಚಪ್ಪಟೆಮೂತಿಯು ಒದೆತಕ್ಕೂ ನೆಟ್ಟಗಿನ ಓಟಕ್ಕೂ ನಡುವೆ ಒಳ್ಳೆಯ ಒಪ್ಪಂದ. 105 ಗ್ರೈನಿನದನ್ನು ಕಲಿಯುವವನ ಕೈಗೆ ಕೊಡಬಹುದು. ಪಂದ್ಯಕ್ಕೆ ಒಯ್ಯುವ ಮೊದಲು ಅದು ತನ್ನ ಯೋಗ್ಯತೆಯನ್ನು ಕಾಗದದ ಮೇಲೆ ತೋರಿಸಲಿ.

ಈ ಪರೀಕ್ಷೆಯಲ್ಲಿ ಮೂರು ಗುಂಡುಗಳು ಒಂದೆಡೆ ಬಿದ್ದುವೆಂದು ಹಿಗ್ಗುವವರು ಬಹಳ. ಮೂರು ಸಲ ನಾಣ್ಯವನ್ನು ಚಿಮ್ಮಿ ಮೂರು ಸಲವೂ ರಾಜನ ತಲೆಯೇ ಬಂದರೆ ನಾಣ್ಯದ ಗುಣ ತಿಳಿದಂತಾಯಿತೆ? ಮೇಲಾಗಿ ರಿವಾಲ್ವರಿನಲ್ಲಿ ಆರು ಗೂಡುಗಳಿವೆ. ಅವುಗಳ ಅಳತೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ, ನಳಿಗೆಗೆ ನೇರವಾಗಿ ನಿಲ್ಲುವುದೂ ಒಂದೇ ಸಮನಲ್ಲ. ಗೂಡುಗಳಿಗೆ ಗುರುತು ಹಾಕಿ, ಮರಳಿನ ಚೀಲದ ಮೇಲೆ ಕೈಯಿಟ್ಟು, ಒಂದೊಂದು ಗೂಡಿನಿಂದಲೂ ಹತ್ತು ಹತ್ತು ಗುಂಡುಗಳನ್ನು ಬೇರೆ ಬೇರೆ ಹಾಳೆಗಳಿಗೆ ಹೊಡೆದು ನೋಡಬೇಕು. ಐದು ಗೂಡುಗಳು ಒಪ್ಪಿ ಆರನೆಯದೊಂದೇ ಚೆದರಿಸಿದರೆ ತಪ್ಪು ಗುಂಡಿನದಲ್ಲ. ಆರೂ ಚೆದರಿಸಿದರೆ ಮೊದಲು ನಳಿಗೆಯಲ್ಲಿ ಸೀಸ ಹತ್ತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅನಂತರ ಗುಂಡಿನ ಅಳತೆಯನ್ನೂ ಲೋಹದ ಗಡಸನ್ನೂ, ಕೊನೆಗೆ ತೂಕವನ್ನೂ ಬದಲಿಸಿ ನೋಡಬೇಕು. ಇವನ್ನೆಲ್ಲ ಒಂದೇ ದಿನ ಬದಲಿಸಿದರೆ ಗುಣ ಕೊಟ್ಟುದು ಯಾವುದೆಂದು ತಿಳಿಯುವುದಿಲ್ಲ. ಗೂಟಕ್ಕೆ ಅರ ಹಚ್ಚುವುದು ಇಷ್ಟೆಲ್ಲ ಮುಗಿದು ಗುಂಡು ನಿಶ್ಚಯವಾದ ಮೇಲೆ.